14 ಇಂಚಿನ ಆಫೀಸ್ ಲ್ಯಾಪ್‌ಟಾಪ್: ಬೆಳಗ್ಗೆ ಓಡುತ್ತೆ, ಮಧ್ಯಾಹ್ನ ತೆವಳುತ್ತೆ. ಪುಣೆ ಬೇಸಿಗೆಯಲ್ಲಿ ಏನು ಮಾಡೋದು?

ಹರಿಹರ_ಹಿಂಜವಡಿ (ಪುಣೆ)

ಎಲ್ಲರಿಗೂ ನಮಸ್ಕಾರ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಬಗ್ಗೆ ಸಲಹೆ ಬೇಕಿತ್ತು. 14 ಇಂಚು, ತೆಳ್ಳಗಿದೆ, ಇಂಟೆಲ್ ಐ5-1240ಪಿ, 16 ಜಿಬಿ ರ್ಯಾಮ್, ವಿಂಡೋಸ್ 11. ಜಾವಾ ಪ್ರಾಜೆಕ್ಟ್ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡೋದು), ಡಾಕರ್ (ಪ್ರೋಗ್ರಾಂಗಳನ್ನು ಬೇರೆಯಾಗಿಟ್ಟು ಓಡಿಸುವ ಟೂಲ್) ಒಳಗೆ ಡೇಟಾಬೇಸ್, ಬ್ರೌಸರ್ ತುಂಬಾ ಟ್ಯಾಬ್, ಇದರ ಜೊತೆ ದಿನವಿಡೀ ಟೀಮ್ಸ್ ಕಾಲ್. ಇದು ನನ್ನ ಕೆಲಸ.

ಬೆಳಗ್ಗೆ ಮೊದಲ ಬಿಲ್ಡ್ ಸರಾಗವಾಗಿ ಮುಗಿಯುತ್ತೆ. ಅದೇ ಬಿಲ್ಡ್ ಮಧ್ಯಾಹ್ನ ಮನೆಯಲ್ಲಿ ಕೂತು ಮಾಡಿದರೆ ಹೆಚ್ಚುಕಮ್ಮಿ ಎರಡರಷ್ಟು ಹೊತ್ತು ತಗೊಳ್ಳುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಸ್ಪೀಡ್ 3.5 ಗಿಗಾಹರ್ಟ್ಜ್‌ನಿಂದ ಇಳಿದು 1.2ರ ಹತ್ತಿರ ಬಂದು ಕೂತಿರುತ್ತೆ. ಜಿ, ಎಚ್ ಕೀಗಳ ಮೇಲಿನ ಪಟ್ಟಿ ಮುಟ್ಟಿದರೆ ಬೆರಳು ಚುರ್ ಅನ್ನುತ್ತೆ. ಆ ಹೊತ್ತಿಗೆ ಯಾರಾದರೂ ಕಾಲ್ ಮಾಡಿ ಸ್ಕ್ರೀನ್ ಶೇರ್ ಮಾಡಿ ಅಂದರೆ ಧ್ವನಿ ತುಂಡು ತುಂಡಾಗಿ ಹೋಗುತ್ತೆ.

ಪವರ್ ಮೋಡ್ 'ಬೆಸ್ಟ್ ಪರ್ಫಾರ್ಮೆನ್ಸ್'ನಲ್ಲೇ ಇದೆ. ಮನೆಯಲ್ಲಿ ಎಸಿ ಇಲ್ಲ, ಸೀಲಿಂಗ್ ಫ್ಯಾನ್ ಅಷ್ಟೇ. ಏಪ್ರಿಲ್ ಪುಣೆ ಹೇಗಿರುತ್ತೆ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಲ್ಯಾಪ್‌ಟಾಪ್ ಬದಲಿಸಿ ಕೊಡಿ ಅಂತ ಕೇಳಲಾ, ಇಲ್ಲ ಇದರಲ್ಲೇ ಏನಾದರೂ ಮಾಡಬಹುದಾ?

ಕೊಥ್ರೂಡ್_ಕುಮಟಾ (ಪುಣೆ)

ಬದಲಿಸಿ ಕೊಡಿ ಅಂತ ಕೇಳಿ. ಸುಮ್ನೆ ಕಷ್ಟಪಡಬೇಡಿ. ಐ5 ಬದಲು ಐ7 ಕೇಳಿ, ಜಾವಾಗೆ ಅದೇ ಸರಿ. ಈ ಸೆಟ್ಟಿಂಗ್, ಆ ಸೆಟ್ಟಿಂಗ್ ಅಂತ ಕೂತರೆ ಕೆಲಸ ಯಾವಾಗ ಮಾಡೋದು?

ಕಾರ್ಕಳ_ಗ್ರಾಂಟ್‌ರೋಡ್ (ಮುಂಬೈ)

ಕುಮಟಾದವರೇ, ಅದೇ ಮೈಕಟ್ಟಿನ ಲ್ಯಾಪ್‌ಟಾಪ್‌ಗೆ ಐ7 ಹಾಕಿದರೆ ಏನೂ ದೊಡ್ಡ ವ್ಯತ್ಯಾಸ ಆಗೋದಿಲ್ಲ ಮಾರಾಯ್ರೆ. ಲ್ಯಾಮಿಂಗ್ಟನ್ ರೋಡಿನಲ್ಲಿ ರಿಪೇರಿ ಮಾಡಿಕೊಂಡೇ ಬದುಕುತ್ತಿರುವವನು ನಾನು. ದಿನಾ ಇಂಥವೇ ಟೇಬಲ್ ಮೇಲೆ ಬರುತ್ತವೆ. ಚಿಪ್‌ನ ಬಿಸಿ ಒಯ್ಯುವ ಹೀಟ್ ಪೈಪ್ ಅದೇ, ಫ್ಯಾನ್ ಅದೇ, ಗಾಳಿ ಹೋಗುವ ಸಂದಿ ಅದೇ. ಎಷ್ಟು ವ್ಯಾಟ್ ಬಿಸಿಯನ್ನು ಹೊರಗೆ ಹಾಕಬಹುದು ಅನ್ನೋದು ಆ ಮೈಕಟ್ಟಿನ ಮೇಲೆ ನಿಂತಿರುತ್ತೆ. ಚಿಪ್ ಮೇಲೆ ಬರೆದ ಅಂಕಿ ಆಮೇಲಿನ ಮಾತು.

ಹರಿಹರದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಟೆಲ್ ಚಿಪ್‌ಗೆ ಎರಡು ಪವರ್ ಮಿತಿ ಇರುತ್ತೆ, ಪಿಎಲ್1 ಮತ್ತು ಪಿಎಲ್2 ಅಂತಾರೆ. ಪಿಎಲ್2 ಸ್ವಲ್ಪ ಹೊತ್ತಿನ ಓಟಕ್ಕೆ. ಪಿಎಲ್1 ಗಂಟೆಗಟ್ಟಲೆ ನಡೆಯೋಕೆ. 1240ಪಿಗೆ ಇಂಟೆಲ್ ಹೇಳಿರುವ ಬೇಸ್ ಪವರ್ 28 ವ್ಯಾಟ್, ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತು ಬೇಸ್ ಮೀರಿ ಓಡುವಾಗ, 64 ವ್ಯಾಟ್ ತನಕ. ಬಿಲ್ಡ್ ಒತ್ತಿದ ಕೂಡಲೇ ಚಿಪ್ ಆ ದೊಡ್ಡ ಅಂಕಿ ಕಡೆ ಹಾರುತ್ತೆ, ಸ್ವಲ್ಪ ಹೊತ್ತಿನಲ್ಲೇ 100 ಡಿಗ್ರಿಯ ಅಂಚಿಗೆ ಬರುತ್ತೆ. 100 ಡಿಗ್ರಿ ಇದರ ಗರಿಷ್ಠ ಮಿತಿ, ಅಲ್ಲಿಗೆ ಬಂದರೆ ತಾನೇ ಸ್ಪೀಡ್ ಇಳಿಸುತ್ತೆ.

ಇಲ್ಲಿ ಇನ್ನೊಂದಿದೆ, ಇದನ್ನು ತುಂಬಾ ಜನ ಗಮನಿಸೋದಿಲ್ಲ. ಚಿಪ್ ತಣ್ಣಗಾದರೂ ಲ್ಯಾಪ್‌ಟಾಪಿನ ಮೈ ಬಿಸಿಯಾಗೇ ಇರುತ್ತೆ. ಬಿಸಿನೆಸ್ ಮಾದರಿಗಳಲ್ಲಿ ಮೈ ಬಿಸಿ ಅಳೆಯೋಕೆ ಬೇರೆ ಸೆನ್ಸರ್ ಇರುತ್ತೆ, ಯಾಕೆಂದರೆ ಕೈ, ತೊಡೆ ಸುಡಬಾರದು. ಮೈ ಬಿಸಿ ಮಿತಿ ದಾಟಿದರೆ ಫರ್ಮ್‌ವೇರ್ (ಲ್ಯಾಪ್‌ಟಾಪ್ ಒಳಗೇ ಕೂತ ಮೂಲ ಸಾಫ್ಟ್‌ವೇರ್) ಪಿಎಲ್1 ಅನ್ನೇ 28ರಿಂದ ಕೆಳಗೆ ಇಳಿಸುತ್ತೆ. ನೀವು ನೋಡುತ್ತಿರುವ 1.2 ಗಿಗಾಹರ್ಟ್ಜ್ ಅದೇ ಇರಬೇಕು. ಚಿಪ್ ಕಾದದ್ದಕ್ಕಿಂತ ಕೇಸ್ ಕಾದದ್ದರ ಫಲ. ಕೇಸ್ ಆರೋಕೆ ತುಂಬಾ ಹೊತ್ತು ಬೇಕು, ಅದಕ್ಕೇ ಮಧ್ಯಾಹ್ನ ಪೂರ್ತಿ ಹಾಗೇ ಇರುತ್ತೆ.

ಹರಿಹರ_ಹಿಂಜವಡಿ (ಪುಣೆ)

ಇದು ನಿಜ ಅಂತ ಹೇಗೆ ನೋಡೋದು ಸರ್? ಬಿಸಿ, ವ್ಯಾಟ್ ಎಲ್ಲ ತೋರಿಸುವ ಎಚ್‌ಡಬ್ಲ್ಯೂಇನ್‌ಫೋ ಟೂಲ್ ಹಾಕಿ ನೋಡಿ ಅಂತ ಗೆಳೆಯ ಹೇಳಿದ, ಆದರೆ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಹಾಕಬಹುದಾ ಗೊತ್ತಿಲ್ಲ.

ಐರೋಲಿ_ಅಡ್ಮಿನ್ (ನವಿ ಮುಂಬೈ)

ಹಾಕಬೇಡಿ, ಮೊದಲು ನಿಮ್ಮ ಐಟಿಯವರನ್ನು ಕೇಳಿ. ಕಂಪನಿಯೊಂದರಲ್ಲಿ ಇದೇ ಲ್ಯಾಪ್‌ಟಾಪ್‌ಗಳನ್ನು ನೋಡಿಕೊಳ್ಳೋದು ನನ್ನ ಕೆಲಸ. ಇಂಥ ಟೂಲ್‌ಗಳು ಹಾರ್ಡ್‌ವೇರ್ ಓದೋಕೆ ತಮ್ಮದೇ ಡ್ರೈವರ್ ಲೋಡ್ ಮಾಡುತ್ತವೆ, ಸೆಕ್ಯುರಿಟಿ ಸಾಫ್ಟ್‌ವೇರ್ ಅದನ್ನು ಹಿಡಿದರೆ ನಿಮ್ಮ ಹೆಸರಿಗೆ ಅಲರ್ಟ್ ಬರುತ್ತೆ.

ವಿಂಡೋಸ್‌ನಲ್ಲೇ ಸಾಕಷ್ಟಿದೆ. ಈವೆಂಟ್ ವ್ಯೂವರ್ ತೆಗೆಯಿರಿ, ಸಿಸ್ಟಂ ಲಾಗ್‌ನಲ್ಲಿ ಕರ್ನಲ್-ಪ್ರೊಸೆಸರ್-ಪವರ್ ಅನ್ನೋ ಮೂಲದಿಂದ ಈವೆಂಟ್ 37 ಇದೆಯಾ ನೋಡಿ. ಪ್ರೊಸೆಸರ್ ವೇಗವನ್ನು ಸಿಸ್ಟಂ ಫರ್ಮ್‌ವೇರ್ ತಡೆದಿದೆ ಅಂತ ಅದರಲ್ಲಿ ಬರೆದಿರುತ್ತೆ. ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ 'ಪ್ರೊಸೆಸರ್ ಇನ್ಫರ್ಮೇಶನ್' ಕೆಳಗೆ 'ಪರ್ಫಾರ್ಮೆನ್ಸ್ ಲಿಮಿಟ್' ಅನ್ನೋ ಕೌಂಟರ್ ಕೂಡ ಇದೆ. ಅದು 100ರಿಂದ ಕೆಳಗೆ ಬಂದರೆ ಹೊರಗಿನಿಂದ ಮಿತಿ ಬಿದ್ದಿದೆ ಅಂತ ಅರ್ಥ. ಬಿಲ್ಡ್ ಓಡುವಾಗ ಅದರ ಗ್ರಾಫ್ ಸ್ಕ್ರೀನ್‌ಶಾಟ್ ತೆಗೆದು ಟಿಕೆಟ್‌ಗೆ ಹಾಕಿ. 'ಲ್ಯಾಪ್‌ಟಾಪ್ ಸ್ಲೋ' ಅಂತ ಬರೆದ ಟಿಕೆಟ್ ನನ್ನ ಹತ್ತಿರ ದಿನಾ ಬರುತ್ತೆ, ಅದರಿಂದ ಏನು ಹಿಡಿಯೋದು ಅಂತಲೇ ತಿಳಿಯೋದಿಲ್ಲ. ಗ್ರಾಫ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮಾಟುಂಗಾ_ಲೆಕ್ಕ (ಮುಂಬೈ)

ನಾನು ಸಿಎ. ಜಾವಾ, ಡಾಕರ್ ಏನೂ ಗೊತ್ತಿಲ್ಲ, ಎಕ್ಸೆಲ್ ಮಾತ್ರ. ಆದರೆ ತೊಂದರೆ ಇದೇ. ಮಾರ್ಚ್‌ನಲ್ಲಿ ದೊಡ್ಡ ಫೈಲ್ ರೀಕ್ಯಾಲ್ಕುಲೇಟ್ ಆಗುವಾಗ ಫ್ಯಾನ್ ಕೂಗೋದು ನಿಲ್ಲೋದೇ ಇಲ್ಲ. ಇನ್ನೊಂದು, ಕ್ಲೈಂಟ್ ಆಫೀಸಿನಿಂದ ಲಿಡ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಲೋಕಲ್ ಹತ್ತಿದರೆ, ಮನೆಗೆ ಬಂದು ತೆಗೆಯುವಷ್ಟರಲ್ಲಿ ಲ್ಯಾಪ್‌ಟಾಪ್ ಬಿಸಿ ಬಿಸಿ, ಬ್ಯಾಟರಿನೂ ಖಾಲಿ. ಮುಚ್ಚಿಟ್ಟ ಲ್ಯಾಪ್‌ಟಾಪ್ ಯಾಕೆ ಕಾಯುತ್ತೆ?

ಐರೋಲಿ_ಅಡ್ಮಿನ್ (ನವಿ ಮುಂಬೈ)

ಅಕ್ಕ, ಅದು ಮಾಡರ್ನ್ ಸ್ಟ್ಯಾಂಡ್‌ಬೈ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲಿಡ್ ಮುಚ್ಚಿದರೆ ಹಳೆಯ ಥರ ಪೂರ್ತಿ ನಿದ್ದೆ ಆಗೋದಿಲ್ಲ. ಮೇಲ್, ಅಪ್‌ಡೇಟ್ ಅಂತ ಆಗಾಗ ಏಳುತ್ತೆ. ಯಾವುದಾದರೂ ಡ್ರೈವರ್ ಅಥವಾ ಆ್ಯಪ್ ಮಲಗೋಕೆ ಬಿಡದಿದ್ದರೆ ಬ್ಯಾಗಿನೊಳಗೇ ಎಚ್ಚರ ಇರುತ್ತೆ. ಅಲ್ಲಿ ಗಾಳಿ ಇಲ್ಲ, ಬಿಸಿ ಹೋಗೋಕೆ ದಾರಿ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಲಿಡ್ ಮುಚ್ಚಿದರೆ 'ಹೈಬರ್ನೇಟ್' ಅಂತ ಇಟ್ಟುಬಿಡಿ. ತೆರೆಯುವಾಗ ಸ್ವಲ್ಪ ತಡ ಆಗುತ್ತೆ, ಅಷ್ಟೇ. ಆ ಆಯ್ಕೆ ಕಾಣದಿದ್ದರೆ ನಿಮ್ಮ ಐಟಿಯವರು ತೋರಿಸಿಕೊಡಬೇಕು. ಯಾವುದು ಎಬ್ಬಿಸುತ್ತಿದೆ ಅಂತ ನೋಡೋಕೆ ಪವರ್‌ಸಿಎಫ್‌ಜಿ ಕಮಾಂಡ್‌ನಲ್ಲಿ ಸ್ಲೀಪ್‌ಸ್ಟಡಿ ವರದಿ ಇದೆ, ಅದನ್ನೂ ಅವರೇ ತೆಗೆಯಲಿ.

ಎಕ್ಸೆಲ್‌ಗೆ: ಆಪ್ಷನ್ಸ್, ಅಡ್ವಾನ್ಸ್ಡ್, ಅದರಲ್ಲಿ ಫಾರ್ಮುಲಾಸ್ ಅಂತ ಭಾಗ ಇದೆ. ಲೆಕ್ಕಕ್ಕೆ ಎಷ್ಟು ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಎಳೆ) ಬಳಸಬೇಕು ಅಂತ ಕೈಯಾರೆ ಕೊಡಬಹುದು. ಎಲ್ಲ ಕೋರ್ ಬಳಸೋ ಬದಲು ಅರ್ಧ ಕೊಟ್ಟು ನೋಡಿ. ಜೊತೆಗೆ ದೊಡ್ಡ ಫೈಲ್ ತಿದ್ದುವಾಗ ಕ್ಯಾಲ್ಕುಲೇಶನ್ ಮ್ಯಾನ್ಯುಯಲ್ ಮಾಡಿಕೊಂಡು ಬೇಕಾದಾಗ ಎಫ್9 ಒತ್ತಿ. ಒಂದೊಂದು ಸೆಲ್ ಬದಲಿಸಿದಾಗಲೂ ಅದನ್ನು ನೆಚ್ಚಿದ ಫಾರ್ಮುಲಾ ಎಲ್ಲ ಮತ್ತೆ ಲೆಕ್ಕ ಹಾಕೋದು ತಪ್ಪುತ್ತೆ.

ಧಾರವಾಡ_ವಾಸ್ಕೊ (ಗೋವಾ)

ಹರಿಹರದವರ ಪ್ರಶ್ನೆಗೆ ಬರೋಣ್ರೀ. ಮೊದಲು ಆ 'ಬೆಸ್ಟ್ ಪರ್ಫಾರ್ಮೆನ್ಸ್' ತೆಗೀರಿ. ಇಷ್ಟು ಸಣ್ಣ ಲ್ಯಾಪ್‌ಟಾಪ್‌ನಾಗ ಅದು ಉಲ್ಟಾ ಹೊಡೆಯುತ್ತೆ.

ಕಾರಣ ಹೇಳ್ತೀನಿ. ಚಿಪ್ ತಿನ್ನುವ ಕರೆಂಟ್ ಸ್ಪೀಡ್ ಜೊತೆ ಹೆಚ್ಚುತ್ತೆ, ಜೊತೆಗೆ ವೋಲ್ಟೇಜಿನ ವರ್ಗದಷ್ಟು ಹೆಚ್ಚುತ್ತೆ. ಸ್ಪೀಡ್ ಹೆಚ್ಚಬೇಕಾದರೆ ವೋಲ್ಟೇಜೂ ಏರಿಸಬೇಕು. ಅಂದರೆ 2.5 ಗಿಗಾಹರ್ಟ್ಜ್‌ನಿಂದ 4ಕ್ಕೆ ಹೋಗೋಕೆ ಕೊಡಬೇಕಾದ ವ್ಯಾಟ್ ಲೆಕ್ಕಕ್ಕೆ ಮೀರಿ ಜಾಸ್ತಿ, ಸಿಗುವ ಕೆಲಸ ಅಷ್ಟು ಜಾಸ್ತಿ ಇಲ್ಲ. ಮತ್ತೆ ಚಿಪ್ ಬಿಸಿ ಇದ್ದಷ್ಟು ಅದೇ ಸ್ಪೀಡಿಗೆ ಇನ್ನೂ ಹೆಚ್ಚು ಕರೆಂಟ್ ಸೋರುತ್ತೆ. 95 ಡಿಗ್ರಿಯಲ್ಲಿ ಓಡುವ ಚಿಪ್ 75ರಲ್ಲಿ ಓಡುವುದಕ್ಕಿಂತ ಅದೇ ಕೆಲಸಕ್ಕೆ ಹೆಚ್ಚು ತಿನ್ನುತ್ತೆ.

ಖಂಡಾಲಾ ಘಾಟಿನಾಗ ಲೋಡ್ ಲಾರಿ ನೋಡೀರಲ್ಲ. ಅನುಭವ ಇರೋ ಡ್ರೈವರ್ ಕೆಳಗೇ ಗೇರ್ ಇಳಿಸಿ ಒಂದೇ ಸಮ ಹತ್ತಿಸ್ತಾನ. ಅವಸರ ಮಾಡಿದವನು ಅರ್ಧ ದಾರಿಯಲ್ಲಿ ಬಾನೆಟ್ ಎತ್ತಿ ನಿಂತಿರ್ತಾನ. ನಿಮ್ಮ ಲ್ಯಾಪ್‌ಟಾಪ್ ಒಂದೇ ಸಮ ಎಷ್ಟು ವ್ಯಾಟ್ ಹೊರಬಲ್ಲದು ಅಂತ ಹುಡುಕಿ, ಅದಕ್ಕಿಂತ ಸ್ವಲ್ಪ ಕೆಳಗೆ ನೀವೇ ಮಿತಿ ಹಾಕಿ. ಕೇಸ್ ಕಾದು ಫರ್ಮ್‌ವೇರ್ ಕಪಾಳಕ್ಕೆ ಹೊಡೆಯುವ ಮೊದಲೇ.

ನನ್ನದು ಲಿನಕ್ಸ್, ಸ್ವಂತ ಮಷೀನು, ಅಲ್ಲಿ ಇದು ಸುಲಭ. ಇಂಟೆಲ್-ರ್ಯಾಪ್ಲ್ ಅನ್ನೋ ಫೋಲ್ಡರಿನಲ್ಲಿ ದೀರ್ಘಾವಧಿ ಮಿತಿಯನ್ನು ಮೈಕ್ರೋವ್ಯಾಟ್‌ನಲ್ಲಿ ಬರೀಬೇಕು. 15 ವ್ಯಾಟ್ ಅಂದರೆ 15ರ ಮುಂದೆ ಆರು ಸೊನ್ನೆ. ವಾಸ್ಕೊದಲ್ಲಿ ಮೇ ತಿಂಗಳ ಸೆಖೆಗೆ ನಾನು ಅಷ್ಟೇ ಇಟ್ಟಿರ್ತೀನಿ, ಮಳೆ ಶುರುವಾದ ಮೇಲೆ ಸ್ವಲ್ಪ ಏರಿಸ್ತೀನಿ. ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗೋದಿಲ್ಲ.

ಹರಿಹರ_ಹಿಂಜವಡಿ (ಪುಣೆ)

ಈವೆಂಟ್ 37 ಸಾಲು ಸಾಲಾಗಿ ಇದೆ. ಎಲ್ಲ ಮಧ್ಯಾಹ್ನದ ಹೊತ್ತಿನವು. ಅಂದರೆ ಕಾರ್ಕಳದವರು ಹೇಳಿದ್ದೇ ಸರಿ.

ವಿಂಡೋಸ್‌ನಲ್ಲಿ ವ್ಯಾಟ್ ಮಿತಿ ಹಾಕೋದು ಹೇಗೆ? ಥ್ರಾಟಲ್‌ಸ್ಟಾಪ್ ಅಂತ ಟೂಲ್ ಇದೆ, ಅದರಲ್ಲಿ ಅಂಡರ್‌ವೋಲ್ಟ್ ಮಾಡಿದರೆ, ಅಂದರೆ ಚಿಪ್‌ನ ವೋಲ್ಟೇಜ್ ಇಳಿಸಿದರೆ, ಬಿಸಿ ತಾನೇ ಇಳಿಯುತ್ತೆ ಅಂತ ಎಲ್ಲ ಕಡೆ ಹೇಳುತ್ತಾರಲ್ಲ?

ಐರೋಲಿ_ಅಡ್ಮಿನ್ (ನವಿ ಮುಂಬೈ)

ಅದು ಹಳೆಯ ಮಾತು. 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ದೋಷ ಹೊರಬಂತು. ಸಾಫ್ಟ್‌ವೇರ್‌ನಿಂದ ವೋಲ್ಟೇಜ್ ಇಳಿಸಿ ಚಿಪ್‌ನ ಸುರಕ್ಷಿತ ಭಾಗದ ಲೆಕ್ಕವನ್ನೇ ತಪ್ಪಿಸಬಹುದು ಅಂತ ಸಂಶೋಧಕರು ತೋರಿಸಿದರು. ಅದಾದ ಮೇಲೆ ಲ್ಯಾಪ್‌ಟಾಪ್ ಕಂಪನಿಗಳು ಬಯೋಸ್ (ಲ್ಯಾಪ್‌ಟಾಪ್ ಫರ್ಮ್‌ವೇರ್) ಅಪ್‌ಡೇಟ್ ಕೊಟ್ಟು ಅಂಡರ್‌ವೋಲ್ಟ್ ಬಾಗಿಲು ಮುಚ್ಚಿದವು. ಬಿಸಿನೆಸ್ ಮಾದರಿಗಳಲ್ಲಿ ಅದು ಸಿಗುತ್ತೆ ಅಂತ ಎಣಿಸಬೇಡಿ. ಅದಕ್ಕಾಗಿ ಹಳೆಯ ಬಯೋಸ್‌ಗೆ ವಾಪಸ್ ಹೋಗಿ ಅಂತ ಕೆಲವರು ಹೇಳುತ್ತಾರೆ, ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಖಂಡಿತ ಮಾಡಬಾರದು. ಕಾರ್ಪೊರೇಟ್ ಇಮೇಜ್‌ನಲ್ಲಿ (ಕಂಪನಿ ಸಿದ್ಧಪಡಿಸಿ ಹಾಕಿಕೊಡುವ ವಿಂಡೋಸ್) ವರ್ಚುವಲೈಸೇಶನ್ ಆಧಾರದ ಭದ್ರತೆ ಆನ್ ಇದ್ದರೆ ಥ್ರಾಟಲ್‌ಸ್ಟಾಪ್ ಸರಿಯಾಗಿ ಕೆಲಸ ಮಾಡೋದೂ ಇಲ್ಲ.

ಹೊರಗಿನ ಟೂಲ್ ಇಲ್ಲದೆ ಮಾಡಬಹುದಾದದ್ದು ಇದು. ಸೆಟ್ಟಿಂಗ್ಸ್, ಪವರ್ ಆ್ಯಂಡ್ ಬ್ಯಾಟರಿ, ಪವರ್ ಮೋಡ್ 'ಬ್ಯಾಲೆನ್ಸ್ಡ್' ಮಾಡಿ. ಇದಕ್ಕೆ ಯಾರ ಅನುಮತಿಯೂ ಬೇಡ. ಆಮೇಲೆ ವಿಂಡೋಸ್‌ನಲ್ಲಿ ಗರಿಷ್ಠ ಪ್ರೊಸೆಸರ್ ಫ್ರೀಕ್ವೆನ್ಸಿ ಅಂತ ಅಡಗಿಸಿಟ್ಟ ಸೆಟ್ಟಿಂಗ್ ಇದೆ. ಪವರ್‌ಸಿಎಫ್‌ಜಿಯಿಂದ ಮೆಗಾಹರ್ಟ್ಜ್‌ನಲ್ಲಿ ಕೊಡಬಹುದು, ಸೊನ್ನೆ ಅಂದರೆ ಮಿತಿ ಇಲ್ಲ. 1240ಪಿಯಲ್ಲಿ ಎರಡು ಥರದ ಕೋರ್ ಇರೋದರಿಂದ ಎರಡಕ್ಕೂ ಬೇರೆ ಬೇರೆ ಕೊಡಬೇಕು. ಇದನ್ನು ನಿಮ್ಮ ಐಟಿ ಟೀಮ್ ಮಾಡಿಕೊಡಲಿ, ಟಿಕೆಟ್‌ನಲ್ಲಿ ಹೀಗೇ ಬರೆಯಿರಿ.

ಇಂಟರ್ನೆಟ್‌ನಲ್ಲಿ ಎಲ್ಲರೂ ಹೇಳುವ ಇನ್ನೊಂದಿದೆ, ಗರಿಷ್ಠ ಪ್ರೊಸೆಸರ್ ಸ್ಟೇಟ್ 99 ಪರ್ಸೆಂಟ್ ಮಾಡಿ ಅನ್ನೋದು. ಹಾಗೆ ಮಾಡಿದರೆ ಟರ್ಬೊ ಪೂರ್ತಿ ನಿಲ್ಲುತ್ತೆ. ನಿಮ್ಮ ಚಿಪ್‌ನ ಬೇಸ್ ಸ್ಪೀಡ್ ಪರ್ಫಾರ್ಮೆನ್ಸ್ ಕೋರ್‌ಗೆ 1.7, ಎಫಿಶಿಯನ್ಸಿ ಕೋರ್‌ಗೆ 1.2 ಗಿಗಾಹರ್ಟ್ಜ್. ಮೊದಲೇ 1.2 ಅಂತ ಬೇಸರಪಟ್ಟಿದ್ದೀರಿ, ಕೈಯಾರೆ ಅಲ್ಲಿಗೇ ಹೋಗಿ ಕೂರೋದು ಯಾಕೆ?

ಕೊಥ್ರೂಡ್_ಕುಮಟಾ (ಪುಣೆ)

ಒಪ್ಪೋದು ಕಷ್ಟ. 4.4 ಗಿಗಾಹರ್ಟ್ಜ್ ಚಿಪ್‌ಗೆ ದುಡ್ಡು ಕೊಟ್ಟು 2.6ರಂಥ ಅಂಕಿಗೆ ಕಟ್ಟಿಹಾಕೋದು ಅಂದರೆ ಏನು ಅರ್ಥ? ಒಂದೇ ಥ್ರೆಡ್ಡಿನ ಕೆಲಸಕ್ಕೆ, ಐಡಿಇಯಲ್ಲಿ (ಕೋಡ್ ಬರೆಯುವ ಆ್ಯಪ್) ಟೈಪ್ ಮಾಡೋದು, ಬ್ರೌಸರ್ ಪೇಜ್ ತೆಗೆಯೋದು, ಇದಕ್ಕೆಲ್ಲ ಆ ಮೇಲಿನ ಸ್ಪೀಡೇ ಬೇಕು. ಅದನ್ನು ಕಿತ್ತುಕೊಂಡರೆ ಇಡೀ ದಿನ ಜಡ ಅನ್ನಿಸುತ್ತೆ.

ಧಾರವಾಡ_ವಾಸ್ಕೊ (ಗೋವಾ)

ಈ ಮಾತಿನಾಗ ಹುರುಳಿದೆ. ಫ್ರೀಕ್ವೆನ್ಸಿ ಮಿತಿಯ ದೋಷ ಇದೇ ನೋಡ್ರಿ, ಒಂದು ಕೋರ್ ಮಾತ್ರ ಕ್ಷಣ ಹೊತ್ತು ಓಡುವಾಗಲೂ ತಡೆಯುತ್ತೆ. ಒಂದು ಕೋರ್ 4 ಗಿಗಾಹರ್ಟ್ಜ್‌ನಲ್ಲಿ ಎರಡು ಸೆಕೆಂಡ್ ಓಡಿದರೆ ಕೇಸ್ ಕಾಯೋದಿಲ್ಲ. ಕಾಯಿಸೋದು ಎಲ್ಲ ಕೋರ್ ಒಟ್ಟಿಗೆ ನಿಮಿಷಗಟ್ಟಲೆ ಓಡಿದಾಗ. ವ್ಯಾಟ್ ಮಿತಿ ಹಾಕಿದರೆ ಈ ತೊಂದರೆ ಇಲ್ಲ. ಅದಾಗದಿದ್ದರೆ ಫ್ರೀಕ್ವೆನ್ಸಿಯನ್ನು ತೀರಾ ಕಟ್ಟದೆ 3ರ ಆಸುಪಾಸಿನಲ್ಲಿಟ್ಟು, ಬಿಲ್ಡ್ ಎಷ್ಟು ಕೋರ್ ತಿನ್ನಬೇಕು ಅಂತ ಹಿಡಿತಕ್ಕೆ ತನ್ನಿ.

ಹರಿಹರದವರೇ, ಡಾಕರ್ ಡಬ್ಲ್ಯೂಎಸ್‌ಎಲ್2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಭಾಗ) ಮೇಲೆ ಓಡ್ತದಲ್ಲ? ಏನೂ ಹೇಳದಿದ್ದರೆ ಅದು ಎಲ್ಲ 16 ಥ್ರೆಡ್ ನನ್ನವೇ ಅಂದುಕೊಳ್ಳುತ್ತೆ. ಯೂಸರ್ ಫೋಲ್ಡರಿನಲ್ಲಿ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ ಫೈಲ್ ಇಟ್ಟು ಪ್ರೊಸೆಸರ್ಸ್ 6, ಮೆಮೊರಿ 6 ಜಿಬಿ ಅಂತ ಬರೀರಿ. ನಿಮ್ಮ ಬಿಲ್ಡ್ ಟೂಲ್ ಗ್ರೇಡಲ್ ಇದ್ದರೆ ವರ್ಕರ್ಸ್ ಮ್ಯಾಕ್ಸ್, ಮೇವನ್ ಇದ್ದರೆ ಟಿ ಆಪ್ಷನ್, ಅದರಲ್ಲೂ ಕಮ್ಮಿ ಮಾಡಿ. ಇದಕ್ಕೆ ಅಡ್ಮಿನ್ ಹಕ್ಕು ಬೇಡ.

ಐರೋಲಿ_ಅಡ್ಮಿನ್ (ನವಿ ಮುಂಬೈ)

ಇನ್ನೊಂದು ಸೇರಿಸಲಿ. ಜಾವಾ ಬಿಲ್ಡ್ ಸಾವಿರಾರು ಸಣ್ಣ ಫೈಲ್ ಬರೆಯುತ್ತೆ, ಆಂಟಿವೈರಸ್ ಒಂದೊಂದನ್ನೂ ತೆರೆದು ನೋಡುತ್ತೆ. ಬಿಸಿಯ ಒಂದು ಪಾಲು ಅಲ್ಲೇ ಹುಟ್ಟುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಬಿಲ್ಡ್ ಹೊತ್ತಿಗೆ ಅದು ಎಷ್ಟು ತಿನ್ನುತ್ತೆ ನೋಡಿ. ವಿಂಡೋಸ್ 11ರಲ್ಲಿ 2023ರಿಂದ ಡೆವ್ ಡ್ರೈವ್ ಅಂತ, ಕೋಡ್ ಕೆಲಸಕ್ಕೆಂದೇ ಬೇರೆ ಡ್ರೈವ್, ಬಂದಿದೆ. ಮೈಕ್ರೋಸಾಫ್ಟ್‌ನ ಆಂಟಿವೈರಸ್ ಡಿಫೆಂಡರ್ ಬಳಸುವ ಕಂಪನಿಯಾದರೆ ಆ ಡ್ರೈವ್ ಮೇಲೆ ಸ್ಕ್ಯಾನ್ ಸ್ವಲ್ಪ ಹಿಂದೆ ಸರಿದು ನಡೆಯುತ್ತೆ, ಪ್ರತಿ ಫೈಲ್‌ಗೂ ಬಿಲ್ಡ್ ಕಾಯಬೇಕಾಗಿಲ್ಲ. ಸ್ಕ್ಯಾನ್ ಪೂರ್ತಿ ಬಿಟ್ಟುಬಿಡಿ ಅಂತ ಕೇಳಿದರೆ ಯಾವ ಐಟಿಯೂ ಒಪ್ಪೋದಿಲ್ಲ. ಡೆವ್ ಡ್ರೈವ್ ಕೇಳಿದರೆ ಒಪ್ಪುವ ಸಾಧ್ಯತೆ ಇದೆ.

ಕಾರ್ಕಳ_ಗ್ರಾಂಟ್‌ರೋಡ್ (ಮುಂಬೈ)

ಸಾಫ್ಟ್‌ವೇರ್ ಮಾತು ಸಾಕಷ್ಟಾಯ್ತು, ಸ್ವಲ್ಪ ಗಾಳಿಯ ಮಾತು ಆಡೋಣ.

ಕೋಣೆಯ ಬಿಸಿ ಒಂದು ಡಿಗ್ರಿ ಏರಿದರೆ, ಅದೇ ವ್ಯಾಟಿಗೆ ಚಿಪ್‌ನ ಬಿಸಿಯೂ ಹೆಚ್ಚುಕಮ್ಮಿ ಒಂದು ಡಿಗ್ರಿ ಏರುತ್ತೆ. ಎಸಿ ಆಫೀಸಿನಲ್ಲಿ 24 ಡಿಗ್ರಿ, ನಿಮ್ಮ ಮನೆಯಲ್ಲಿ 37 ಅಂತ ಇಟ್ಟುಕೊಳ್ಳಿ. 13 ಡಿಗ್ರಿ ಅಲ್ಲೇ ಹೋಯ್ತು. ಆಫೀಸಿನಲ್ಲಿ ಸರಿ ಇದ್ದ ಸೆಟ್ಟಿಂಗ್ ಮನೆಯಲ್ಲಿ ಸರಿ ಇರೋದಿಲ್ಲ, ಅದರಲ್ಲಿ ಆಶ್ಚರ್ಯ ಇಲ್ಲ.

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಗಾಳಿ ಎಳೆಯೋದು ಅಡಿಯಿಂದ. ರಬ್ಬರ್ ಕಾಲಿನ ಎತ್ತರ ಎಷ್ಟಿರುತ್ತೆ? ಎರಡು ಮೂರು ಮಿಲಿಮೀಟರ್. ಹಾಸಿಗೆ, ದಿಂಬು, ಮೆತ್ತನೆ ಟೇಬಲ್ ಕ್ಲಾತ್ ಮೇಲಿಟ್ಟರೆ ಅಷ್ಟೂ ಮುಚ್ಚಿಹೋಯ್ತು. ಹಿಂಬದಿ ಎತ್ತಿ ಹಿಡಿಯುವ ಸಾದಾ ಸ್ಟ್ಯಾಂಡ್ ತಗೊಳ್ಳಿ. ಲೈಟ್ ಹಾಕಿದ ಫ್ಯಾನ್ ಇರೋ ಕೂಲಿಂಗ್ ಪ್ಯಾಡ್ ಬೇಡ ಅನ್ನೋದಿಲ್ಲ, ಆದರೆ ಅದರ ಫ್ಯಾನ್ ಇರೋ ಜಾಗ ಬೇರೆ, ನಿಮ್ಮ ಲ್ಯಾಪ್‌ಟಾಪ್ ಗಾಳಿ ಎಳೆಯೋ ಜಾಗ ಬೇರೆ ಆದರೆ ದುಡ್ಡು ದಂಡ. ಮೊದಲು ಮಗುಚಿ ನೋಡಿ, ಜಾಲರಿ ಎಲ್ಲಿದೆ ಅಂತ.

ಇನ್ನು ಧೂಳು. ಲ್ಯಾಪ್‌ಟಾಪ್ ಬಿಚ್ಚಿದಾಗ ಫ್ಯಾನ್ ಮೇಲೆ ಅಷ್ಟೇನೂ ಕಾಣೋದಿಲ್ಲ. ಫ್ಯಾನ್ ಬಿಚ್ಚಿ ಎತ್ತಿದರೆ ಅದರ ಬಾಯಿ ಮತ್ತು ತಾಮ್ರದ ರೆಕ್ಕೆಗಳ ನಡುವೆ, ಕಂಬಳಿ ಚೂರು ಅಂಟಿಸಿದ ಹಾಗೆ ಬೂದು ಬಣ್ಣದ ಉದ್ದ ಪಟ್ಟಿ. ಹತ್ತಿಯ ಎಳೆ, ಕೂದಲು, ಧೂಳು ಎಲ್ಲ ಸೇರಿದ್ದು. ಮುಂಬೈ, ಗೋವಾ ತೇವಕ್ಕೆ ಅದು ಗಟ್ಟಿ ಆಗುತ್ತೆ, ಊದಿದರೆ ಬರೋದಿಲ್ಲ, ಚಿಮಟದಲ್ಲಿ ಹಿಡಿದು ಸುಲಿಯಬೇಕು. ಪುಣೆಯಲ್ಲಿ ಮೆಟ್ರೊ ಕೆಲಸ, ಕಟ್ಟಡ ಕೆಲಸ ನಡೆಯುವ ಕಡೆಯಿಂದ ಬರೋದರಲ್ಲಿ ಸಿಮೆಂಟ್ ಧೂಳೇ ಜಾಸ್ತಿ. ಈ ಪಟ್ಟಿ ಇದ್ದರೆ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಹೊರಗೆ ಬರೋದಿಲ್ಲ. ಶಬ್ದ ಮಾತ್ರ. ಹೊರಬರುವ ಗಾಳಿಗೆ ಕೈ ಹಿಡಿದು ನೋಡಿ. ಫ್ಯಾನ್ ಕೂಗುತ್ತಿದ್ದರೂ ಗಾಳಿ ಕೈಗೆ ತಾಗದಿದ್ದರೆ ಕ್ಲೀನಿಂಗ್ ಬೇಕೇ ಬೇಕು.

ಕಂಪನಿ ಲ್ಯಾಪ್‌ಟಾಪ್ ನೀವೇ ಬಿಚ್ಚಬೇಡಿ, ವಾರಂಟಿ ಇರುತ್ತೆ, ಅವರೇ ಮಾಡಿಸಲಿ. ಸ್ವಂತದ್ದಾದರೆ ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ, ಇಲ್ಲದಿದ್ದರೆ ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತೆ. ಥರ್ಮಲ್ ಪೇಸ್ಟ್ ಬದಲಿಸೋದಾದರೆ ಹನಿವೆಲ್ ಪಿಟಿಎಂ7950 ಅನ್ನೋ ಹಾಳೆ ಕೇಳಿ ನೋಡಿ. ಅದು 45 ಡಿಗ್ರಿಯ ಹತ್ತಿರ ಮೆತ್ತಗಾಗಿ ಚಿಪ್ ಮೇಲೆ ಹರಡಿಕೊಳ್ಳುತ್ತೆ. ಲ್ಯಾಪ್‌ಟಾಪ್ ಚಿಪ್ ಕಾದು ಆರಿ ಕಾದು ಆರಿ ಸಾದಾ ಪೇಸ್ಟನ್ನು ಪಕ್ಕಕ್ಕೆ ತಳ್ಳಿಬಿಡುತ್ತೆ, ಇದರಲ್ಲಿ ಆ ಕಾಟ ಕಮ್ಮಿ. ನಕಲಿಯೂ ಸಿಗುತ್ತೆ, ನಂಬಿಕೆಯ ಅಂಗಡಿಯಲ್ಲೇ ತಗೊಳ್ಳಿ.

ಮಾಟುಂಗಾ_ಲೆಕ್ಕ (ಮುಂಬೈ)

ಹೈಬರ್ನೇಟ್ ಇಟ್ಟ ಮೇಲೆ ಬ್ಯಾಗಿನಲ್ಲಿ ತಣ್ಣಗಿದೆ, ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಆಫೀಸಿನಲ್ಲಿ ದಿನವಿಡೀ ಡಾಕ್‌ಗೆ (ಮಾನಿಟರ್, ಚಾರ್ಜರ್ ಎಲ್ಲ ಒಂದೇ ಕಡೆ ಸೇರಿಸುವ ಡಬ್ಬಿ) ಹಾಕಿ ಎರಡು ಮಾನಿಟರ್ ಬಳಸುತ್ತೇನೆ. ಲಿಡ್ ಮುಚ್ಚಿಯೇ ಇರುತ್ತೆ, ಚಾರ್ಜ್ ಯಾವಾಗಲೂ 100. ಈಚೆಗೆ ಟಚ್‌ಪ್ಯಾಡ್ ಒಂದು ಮೂಲೆ ಸ್ವಲ್ಪ ಎದ್ದಂತೆ ಕಾಣುತ್ತಿದೆ, ಕ್ಲಿಕ್ ಗಟ್ಟಿ ಆಗಿದೆ. ಬಿಸಿಗೂ ಇದಕ್ಕೂ ಸಂಬಂಧ ಇದೆಯಾ?

ಕಾರ್ಕಳ_ಗ್ರಾಂಟ್‌ರೋಡ್ (ಮುಂಬೈ)

ಅಕ್ಕ, ಇವತ್ತೇ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಅದು ಬ್ಯಾಟರಿ ಉಬ್ಬುತ್ತಿರುವ ಲಕ್ಷಣ. ಟಚ್‌ಪ್ಯಾಡ್ ಕೆಳಗೇ ಬ್ಯಾಟರಿ ಇರುತ್ತೆ, ಉಬ್ಬಿದಾಗ ಮೊದಲು ಎತ್ತೋದು ಅದನ್ನೇ. ಮೇಲಿಂದ ಒತ್ತಿ ಕೂರಿಸೋಕೆ ಹೋಗಬೇಡಿ. ಬ್ಯಾಗಿನಲ್ಲಿಟ್ಟು ಲೋಕಲ್ ರಶ್‌ನಲ್ಲಿ ಒಯ್ಯಬೇಡಿ. ಐಟಿಯವರಿಗೆ ಫೋನ್ ಮಾಡಿ, ಬಂದು ತಗೊಂಡು ಹೋಗಲಿ. ಫೈಲ್ ಬೇಕಿದ್ದರೆ ಬ್ಯಾಕಪ್‌ನಿಂದ ತೆಗೆದುಕೊಡಲಿ.

ಸಂಬಂಧ ಇದೆಯಾ ಅಂದರೆ ಇದೆ. ಲಿಥಿಯಂ ಬ್ಯಾಟರಿಗೆ ಎರಡು ಆಗೋದಿಲ್ಲ, ಬಿಸಿ ಮತ್ತು ಯಾವಾಗಲೂ ತುಂಬಿದ ಚಾರ್ಜ್. ಎರಡೂ ಒಟ್ಟಿಗೆ ಸೇರಿದರೆ ಬೇಗ ಹಳತಾಗುತ್ತೆ, ಒಳಗೆ ಗ್ಯಾಸ್ ಆಗುತ್ತೆ. ಹೊಸ ಬ್ಯಾಟರಿ ಬಂದ ಮೇಲೆ ಚಾರ್ಜ್ 80ಕ್ಕೆ ನಿಲ್ಲುವ ಹಾಗೆ ಇಡಿ. ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್‌ನಲ್ಲೋ ಕಂಪನಿಯ ಆ್ಯಪ್‌ನಲ್ಲೋ ಆ ಆಯ್ಕೆ ಇರುತ್ತೆ. ಡಾಕ್‌ನಲ್ಲಿದ್ದಾಗ ಲಿಡ್ ತೆರೆದೇ ಇಡಿ, ಕೀಬೋರ್ಡ್ ಮೇಲಿಂದಲೂ ಸ್ವಲ್ಪ ಬಿಸಿ ಹೋಗುತ್ತೆ.

ಐರೋಲಿ_ಅಡ್ಮಿನ್ (ನವಿ ಮುಂಬೈ)

ಇದನ್ನು ಓದುತ್ತಿರುವ ಎಲ್ಲರೂ ಒಮ್ಮೆ ತಮ್ಮ ಟಚ್‌ಪ್ಯಾಡ್ ಅಂಚು, ತಳದ ಮುಚ್ಚಳ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಸಮತಟ್ಟಾದ ಟೇಬಲ್ ಮೇಲೆ ಅಲುಗಾಡಿದರೂ ಅನುಮಾನ ಪಡಿ. ನಿಧಾನ ಆಗೋದನ್ನು ಸಹಿಸಬಹುದು, ಇದನ್ನು ಒಂದು ದಿನವೂ ಮುಂದೂಡಬಾರದು.

ಹರಿಹರ_ಹಿಂಜವಡಿ (ಪುಣೆ)

ಅಕ್ಕ ಬೇಗ ಬದಲಿಸಿಕೊಳ್ಳಿ ದಯವಿಟ್ಟು.

ನನ್ನ ಕಡೆ ಏನಾಯ್ತು ಹೇಳುತ್ತೇನೆ. ಗ್ರಾಫ್ ಹಾಕಿ ಟಿಕೆಟ್ ಕೊಟ್ಟೆ, ಐಟಿಯವರು ಪರ್ಫಾರ್ಮೆನ್ಸ್ ಕೋರ್‌ಗೆ 3 ಗಿಗಾಹರ್ಟ್ಜ್ ಮಿತಿ ಹಾಕಿಕೊಟ್ಟರು, ಹೊಸ ಬಯೋಸ್ ಕೂಡ ಹಾಕಿದರು. ಮೋಡ್ ಬ್ಯಾಲೆನ್ಸ್ಡ್, ಡಬ್ಲ್ಯೂಎಸ್‌ಎಲ್‌ಗೆ 6 ಪ್ರೊಸೆಸರ್, ಗ್ರೇಡಲ್‌ಗೆ 4 ವರ್ಕರ್, ಹಿಂಬದಿಗೆ ಸ್ಟ್ಯಾಂಡ್. ಬೆಳಗ್ಗೆಯ ಮೊದಲ ಬಿಲ್ಡ್ ಈಗ ಮೊದಲಿಗಿಂತ ನಿಧಾನ, ಅದು ಖಂಡಿತ ಗೊತ್ತಾಗುತ್ತೆ. ಆದರೆ ಮಧ್ಯಾಹ್ನದ ಬಿಲ್ಡೂ ಅಷ್ಟೇ ಹೊತ್ತಿಗೆ ಮುಗಿಯುತ್ತೆ. ಸ್ಪೀಡ್ ಒಂದೇ ಮಟ್ಟದಲ್ಲಿ ನಿಂತಿರುತ್ತೆ, ಹಳೆಯ ಥರ ಏರಿ ಬೀಳೋದಿಲ್ಲ. ಕಾಲ್ ಮಧ್ಯೆ ಬಿಲ್ಡ್ ಓಡಿಸಿದರೂ ಧ್ವನಿ ಸರಿ ಇದೆ, ನನಗೆ ಅದೇ ದೊಡ್ಡದು. ಕುಮಟಾದವರು ಹೇಳಿದ ಜಡತನ 3ರಲ್ಲಿ ನನಗೆ ಕಾಣಲಿಲ್ಲ.

ಟೀಮ್ಸ್‌ನಲ್ಲಿ ಬ್ಯಾಕ್‌ಗ್ರೌಂಡ್ ಬ್ಲರ್ ತೆಗೆದಾಗಲೂ ಫ್ಯಾನ್ ಇಳಿಯುತ್ತೆ. ಹಿಂದೆ ಬಿಳಿ ಗೋಡೆ ಇರೋ ಕಡೆ ಕೂತುಬಿಟ್ಟೆ.

ಇನ್ನೂ ಬಗೆಹರಿಯದ್ದು ಒಂದಿದೆ. ಗುರುವಾರ ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಓಡಿಸಿ, ಕರೆಂಟ್ ಬಂದ ಕೂಡಲೇ ಫೋನಿನ 45 ವ್ಯಾಟ್ ಚಾರ್ಜರ್ ಹಾಕುತ್ತೇನೆ, ಯಾಕೆಂದರೆ ದೊಡ್ಡ ಚಾರ್ಜರ್ ಆಫೀಸಿನಲ್ಲೇ ಇರುತ್ತೆ. ಆಗ ಮತ್ತೆ ತೆವಳುತ್ತೆ.

ಧಾರವಾಡ_ವಾಸ್ಕೊ (ಗೋವಾ)

ಅದು ಬಿಸಿ ಅಲ್ರಿ, ಕರೆಂಟ್ ಸಾಲದ್ದು. ಖಾಲಿ ಬ್ಯಾಟರಿ ತುಂಬಬೇಕು, ಸ್ಕ್ರೀನ್ ಉರಿಯಬೇಕು, ಚಿಪ್ ಓಡಬೇಕು, ಎಲ್ಲ 45 ವ್ಯಾಟಿನಲ್ಲಿ. ಚಾರ್ಜರ್ ಚಿಕ್ಕದು ಅಂತ ಗೊತ್ತಾದ ಕೂಡಲೇ ಫರ್ಮ್‌ವೇರ್ ಚಿಪ್‌ಗೆ ಕಡಿವಾಣ ಹಾಕುತ್ತೆ. ಜೊತೆಗೆ ಚಾರ್ಜ್ ಆಗುವ ಬ್ಯಾಟರಿಯೂ ಬಿಸಿ ಬಿಡುತ್ತೆ. 65 ವ್ಯಾಟಿನ ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಒಂದು ಮನೆಗೆ ತಗೊಳ್ರಿ, ಕೇಬಲ್ ಕೂಡ ಅಷ್ಟಕ್ಕೆ ತಕ್ಕದ್ದು ಇರಲಿ. ನಿಮ್ಮ ಪುಣೆಯ ಟಪ್ಕೀರ್ ಗಲ್ಲಿಯಲ್ಲಿ ಬೇಕಾದಷ್ಟು ಸಿಗ್ತಾವ, ಬ್ರ್ಯಾಂಡ್ ನೋಡಿ ತಗೊಳ್ರಿ.

ಮಾಟುಂಗಾ_ಲೆಕ್ಕ (ಮುಂಬೈ)

ಐಟಿಯವರು ಬಂದು ತಗೊಂಡು ಹೋದರು, ಬ್ಯಾಟರಿ ನಿಜವಾಗಿ ಉಬ್ಬಿತ್ತಂತೆ. ಹೇಳಿದವರಿಗೆ ತುಂಬಾ ಧನ್ಯವಾದ. ಮಷೀನ್ ಹಳೆಯದು, ಹೊಸದೇ ತಗೊಳ್ಳಿ ಅಂದರು. ಎಕ್ಸೆಲ್, ಟ್ಯಾಲಿ, ಟ್ಯಾಕ್ಸ್ ಸಾಫ್ಟ್‌ವೇರ್, ದಿನಾ ಲೋಕಲ್ ಪ್ರಯಾಣ. ತೂಕ ಕಮ್ಮಿ ಬೇಕು. ಏನು ನೋಡಿ ತಗೊಳ್ಳಲಿ?

ಕೊಥ್ರೂಡ್_ಕುಮಟಾ (ಪುಣೆ)

ಅಕ್ಕ, ಇಷ್ಟೆಲ್ಲ ಓದಿದ ಮೇಲೆ ನಾನೂ ಐ7 ಅಂತ ಹೇಳೋದಿಲ್ಲ. ತಣ್ಣಗೆ ಓಡುವುದೇ ಬೇಕು ಅಂದರೆ ಇಂಟೆಲ್ ಕೋರ್ ಅಲ್ಟ್ರಾ 200ವಿ ಸಾಲಿನದು ನೋಡಿ. 2024ರಲ್ಲಿ ಬಂದದ್ದು, ಹೆಚ್ಚಿನವುಗಳ ಬೇಸ್ ಪವರ್ 17 ವ್ಯಾಟ್. ರ್ಯಾಮ್ ಚಿಪ್ ಜೊತೆಗೇ ಅಂಟಿರುತ್ತೆ, ಆಮೇಲೆ ಹಾಕಿಸೋಕೆ ಆಗೋದಿಲ್ಲ, ಹಾಗಾಗಿ ಬೆಲೆ ಹೊಂದಿದರೆ 32 ಜಿಬಿಯದೇ ತಗೊಳ್ಳಿ. ಅದು ದುಬಾರಿ ಅನ್ನಿಸಿದರೆ ಯು ಅಕ್ಷರದಲ್ಲಿ ಕೊನೆಯಾಗುವ 15 ವ್ಯಾಟಿನ ಚಿಪ್ ಸಾಕು.

ಕಾರ್ಕಳ_ಗ್ರಾಂಟ್‌ರೋಡ್ (ಮುಂಬೈ)

ಅದಕ್ಕೆ ಇಷ್ಟು ಸೇರಿಸುತ್ತೇನೆ. ವಿಮರ್ಶೆ ಓದುವಾಗ ಮೊದಲ ಓಟದ ಅಂಕ ಬಿಡಿ. ಅದೇ ಟೆಸ್ಟನ್ನು ಅರ್ಧ ಗಂಟೆ ಬಿಡದೆ ಓಡಿಸಿದ ಗ್ರಾಫ್ ಇದೆಯಾ ನೋಡಿ. ಕೊನೆಯಲ್ಲಿ ಎಲ್ಲಿ ನಿಲ್ಲುತ್ತೋ ಅದೇ ನಿಮಗೆ ಸಿಗುವ ಸ್ಪೀಡ್. ಆ ಟೆಸ್ಟ್ ನಡೆದ ಕೋಣೆ ಎಷ್ಟು ಡಿಗ್ರಿ ಅಂತಲೂ ನೋಡಿ, ಯುರೋಪಿನ 21 ಡಿಗ್ರಿಯಲ್ಲಿ ಮಾಡಿದ್ದರೆ ನಮ್ಮೂರಿಗೆ ಒಂದಿಷ್ಟು ಕಳೆಯಬೇಕು. ಅಂಗಡಿಗೆ ಹೋದಾಗ ತಳ ಮಗುಚಿ ನೋಡಿ, ಸಾದಾ ಸ್ಕ್ರೂ ಇದ್ದು ಮುಚ್ಚಳ ಸುಲಭಕ್ಕೆ ಬರುತ್ತಾ, ಬ್ಯಾಟರಿ ಸ್ಕ್ರೂನಲ್ಲಿ ಕೂರಿಸಿದ್ದಾ ಇಲ್ಲ ಗೋಂದು ಹಾಕಿ ಅಂಟಿಸಿದ್ದಾ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ಇಲ್ಲಿ ಹಾಕಿ, ಸರ್ವಿಸ್ ಮ್ಯಾನ್ಯುಯಲ್ ನೋಡಿ ಹೇಳುತ್ತೇನೆ.